ಆಶ್ರಿತರ ರಕ್ಷಣೆ

ಆಶ್ರಯ ನೀಡುವವನು ಬಲವಂತನು. ಆಶ್ರಯ ಪಡೆಯುವವನು ದುರ್ಬಲನು. ವಾರ್ಧಕ್ಯದಿಂದಲೋ, ಅಂಗವೈಕಲ್ಯದಿಂದಲೋ, ಮನೋವ್ಯಾಧಿಯಿಂದಲೋ ಪರಾಧೀನನಾದ ವಯಸ್ಕನು ಅನ್ನಕ್ಕೂ ಔಷಧಕ್ಕೂ ಶೌಚಕ್ಕೂ ಅನ್ಯರ ಕೈಯನ್ನೇ ನಿರೀಕ್ಷಿಸಬೇಕು. ಇಂದು ಹೊಡೆದ ಕೈಯಿಂದಲೇ ನಾಳೆಯ ತುತ್ತನ್ನು ಪಡೆಯಬೇಕಾದವನು ದೂರು ಹೇಳುವನೆ? ಆದುದರಿಂದ ಅವನ ಮೌನವನ್ನು ಸಂತೃಪ್ತಿಯೆಂದು ಭಾವಿಸಲಾಗದು.

2001ನೆಯ ಇಸವಿ ಆಗಸ್ಟ್ 6ರಂದು ತಮಿಳುನಾಡಿನ ರಾಮನಾಥಪುರಂ ಜಿಲ್ಲೆಯ ಎರ್ವಾಡಿಯಲ್ಲಿ ಮನೋರೋಗಿಗಳ ಖಾಸಗಿ ವಸತಿಯೊಂದು ಬೆಂಕಿಗೆ ಆಹುತಿಯಾಯಿತು. ಸರಪಳಿಯಿಂದ ಬಂಧಿತರಾಗಿದ್ದ ರೋಗಿಗಳು ಓಡಲಾರದೆ ಬೆಂದರು. 28 ಜನರು ಅಸುನೀಗಿದರು. ಆ ಸರಪಳಿಗಳು ಗುಪ್ತವಾಗಿರಲಿಲ್ಲ. ರೂಢಿಯಾಗಿದ್ದುದರಿಂದ ಕ್ರೌರ್ಯವು ಕ್ರೌರ್ಯವೆಂದು ತೋರಲಿಲ್ಲ. 2017ರ ಮಾನಸಿಕ ಆರೋಗ್ಯ ಪಾಲನಾ ಅಧಿನಿಯಮವು ರೋಗಿಯನ್ನು ಯಾವ ರೀತಿಯಲ್ಲಿಯೂ ಸರಪಳಿಯಿಂದ ಬಂಧಿಸುವುದನ್ನು ನಿಷೇಧಿಸಿದೆ.

ಪೀಡನೆಯ ಲಕ್ಷಣಗಳನ್ನು ನಾಲ್ಕು ಬಗೆಯಾಗಿ ವಿಂಗಡಿಸಬಹುದು. ಮೊದಲನೆಯದು ದೇಹಗತ: ಮಣಿಕಟ್ಟಿನ ಮೇಲಣ ಕಟ್ಟಿನ ಗುರುತು, ಕೇಳಿದಾಗಲೆಲ್ಲ ಬೇರೆಬೇರೆ ಕಾರಣ ಹೇಳಲ್ಪಡುವ ಬಾಸುಂಡೆ, ಔಷಧದ ಅತಿಯಿಂದಾದ ಅಕಾಲದ ಮಂಪರು. ಎರಡನೆಯದು ಮನೋಗತ: ಒಬ್ಬ ನಿರ್ದಿಷ್ಟ ವ್ಯಕ್ತಿ ಬಂದೊಡನೆ ಮಾತು ನಿಲ್ಲುವುದು, ಬೆಚ್ಚುವುದು. ಮೂರನೆಯದು ಧನಗತ: ಪಿಂಚಣಿಯ ಹಣ ಕಾಣದಿರುವುದು, ಅರಿಯದ ಕಾಗದಕ್ಕೆ ಹೆಬ್ಬೆಟ್ಟು ಒತ್ತಿಸಿಕೊಳ್ಳುವುದು. ನಾಲ್ಕನೆಯದು ಉಪೇಕ್ಷೆ: ಹಾಸಿಗೆ ಹುಣ್ಣು, ಒದ್ದೆ ಬಟ್ಟೆ, ಕೃಶತೆ, ಕೈಗೆಟುಕದ ನೀರು. ಬಂದವರನ್ನು ಏಕಾಂತದಲ್ಲಿ ಮಾತನಾಡಗೊಡದ ಮನೆಯನ್ನಾಗಲಿ ಸಂಸ್ಥೆಯನ್ನಾಗಲಿ ವಿಶೇಷವಾಗಿ ಗಮನಿಸತಕ್ಕದ್ದು.

ಆದರೆ ಲಕ್ಷಣವೇ ಪ್ರಮಾಣವಲ್ಲ. ಮುಪ್ಪಿನ ತೊಗಲು ಅಲ್ಪ ತಾಕಿಗೂ ಕಂದುವುದುಂಟು. ಒಂದನ್ನೇ ಕಂಡು ದೋಷಾರೋಪಣೆ ಮಾಡುವುದು ಅನ್ಯಾಯ. ಹಲವನ್ನು ಕಂಡೂ ಸುಮ್ಮನಿರುವುದು ಅದಕ್ಕಿಂತ ಮಿಗಿಲಾದ ಅನ್ಯಾಯ.

ಇನ್ನು ಕರ್ತವ್ಯದ ವಿಚಾರ. ಪೀಡಿತನೊಡನೆ ಏಕಾಂತದಲ್ಲಿ ಶಾಂತವಾಗಿ ಮಾತನಾಡಬೇಕು. ಉತ್ತರವನ್ನು ಬಾಯಿಗೆ ತುರುಕದೆ, ಅವನು ನುಡಿದುದನ್ನು ಅವನದೇ ಮಾತಿನಲ್ಲಿ ದಿನಾಂಕಸಹಿತ ಬರೆದಿಡಬೇಕು. ‘ಯಾರಿಗೂ ಹೇಳೆನು’ ಎಂಬ ಭಾಷೆ ಕೊಡಬಾರದು. ಆ ಭಾಷೆಯನ್ನು ಪಾಲಿಸಿದರೆ ರಕ್ಷಣೆ ತಪ್ಪುತ್ತದೆ, ಮುರಿದರೆ ನಂಬಿಕೆ ತಪ್ಪುತ್ತದೆ. ಅವನ ಇಚ್ಛೆಯೇನೆಂದು ಕೇಳಬೇಕು. ದುರ್ಬಲನಾದರೂ ಅವನು ಮಗುವಲ್ಲ. ಶಂಕಿತನನ್ನು ಅವನೆದುರಿನಲ್ಲಿಯೇ ಗದರಿಸಿ ಹಿಂದಿರುಗುವುದು ಸಲ್ಲದು. ಆ ಕೋಪದ ಫಲವನ್ನು ಉಣ್ಣುವವನು ಆಶ್ರಿತನೇ.

ಪ್ರಾಣಭಯವಿದ್ದಲ್ಲಿ 112ಕ್ಕೆ ಕರೆಮಾಡಿ ವೈದ್ಯಸಹಾಯ ದೊರಕಿಸಬೇಕು. ವೃದ್ಧರಿಗಾಗಿ 14567 ಎಂಬ ರಾಷ್ಟ್ರೀಯ ಸಹಾಯವಾಣಿಯಿದೆ. ಪೀಡಿತರು ವಿಕಲಚೇತನರಾಗಿದ್ದರೆ, 2016ರ ಅಧಿನಿಯಮದ 7ನೆಯ ಪ್ರಕರಣದಂತೆ ಯಾರು ಬೇಕಾದರೂ ಕಾರ್ಯನಿರ್ವಾಹಕ ದಂಡಾಧಿಕಾರಿಗೆ ತಿಳಿಸಬಹುದು. ಪೀಡನೆಯನ್ನು ತಡೆಯಲು ಕ್ರಮ ಕೈಗೊಳ್ಳುವುದು ಆತನ ಹೊಣೆ. ಪಾಲನೆಯ ಹೊಣೆ ಹೊತ್ತವರು ಹಿರಿಯ ನಾಗರಿಕರನ್ನು ಪೂರ್ಣವಾಗಿ ತ್ಯಜಿಸುವ ಉದ್ದೇಶದಿಂದ ಎಲ್ಲಿಯಾದರೂ ಬಿಟ್ಟುಹೋಗುವುದು 2007ರ ಅಧಿನಿಯಮದ 24ನೆಯ ಪ್ರಕರಣದಂತೆ ದಂಡನಾರ್ಹ ಅಪರಾಧ.

ವಿದ್ಯಾರ್ಥಿಗಳು ತಮ್ಮ ಮನೆಯಲ್ಲಿ, ನೆರೆಯಲ್ಲಿ ಇರುವ ಅಶಕ್ತರ ಬಳಿ ದಿನಕ್ಕೊಮ್ಮೆ ಕುಳಿತು ಅವರ ಮಾತನ್ನು ಕೇಳುವುದನ್ನು ಅಭ್ಯಾಸಮಾಡಿಕೊಳ್ಳಲಿ. ನೋಡುವ ಕಣ್ಣು ಇರುವೆಡೆಯಲ್ಲಿ ಹೊಡೆಯುವ ಕೈ ಹಿಂಜರಿಯುತ್ತದೆ.