ಅಪ್‌ಗ್ರೇಡ್ ಆಯಿತೇ? ಯುಪಿಎಸ್ಸನ್ನೊಮ್ಮೆ ಮಾತಾಡಿಸಿ

ಲವ್‌ಡೇಲ್, ಊಟಿ ಕಡೆ ಗಾಳಿಮಳೆ ಹಿಡಿದರೆ ಮರ ಉರುಳಿ ತಂತಿ ಹರಿದು ಕರೆಂಟ್ ಹೋಗುವುದು ಮಾಮೂಲು. ಲಿನಕ್ಸ್ ಅಪ್‌ಗ್ರೇಡ್ ಮಾಡಿದ ದಿನವೇ ಯುಪಿಎಸ್ ಕಂಪ್ಯೂಟರಿಗೆ ಕಾಣುತ್ತಿದೆಯೇ ನೋಡಿಬಿಡಿ. ಹಸಿರು ದೀಪ ಉರಿದರೆ ಸಾಲದು. ಯುಎಸ್‌ಬಿ ಕೇಬಲ್ಲಿನ ಮೂಲಕ ಸುದ್ದಿ ತಲುಪದಿದ್ದರೆ ಬ್ಯಾಟರಿ ಬರಿದಾಗುವ ಹೊತ್ತಿಗೆ ಯಂತ್ರ ತಾನಾಗಿ ಶಟ್‌ಡೌನ್ ಆಗುವುದಿಲ್ಲ, ಧಡಕ್ಕನೆ ನಿಲ್ಲುತ್ತದೆ.

ಯುಪಿಎಸ್ ಮೇಲೆ ಕಣ್ಣಿಡುವ ‘ನಟ್’ ತಂತ್ರಾಂಶ ಬಳಸುವವರು ‘ಯುಪಿಎಸ್‌ಸಿ’ ಕಮಾಂಡ್ ಕೊಟ್ಟು ನೋಡಿ. ಕರೆಂಟ್ ಇದ್ದಾಗ ಸ್ಥಿತಿ ‘ಓಎಲ್’ (ಆನ್‌ಲೈನ್) ಎಂದಿರಬೇಕು. ಕೆಲಸವನ್ನೆಲ್ಲ ಸೇವ್ ಮಾಡಿ ಗೋಡೆಯ ಸ್ವಿಚ್ ಆರಿಸಿ. ಸ್ವಲ್ಪ ಹೊತ್ತಿನಲ್ಲೇ ಅದು ‘ಓಬಿ’ (ಆನ್ ಬ್ಯಾಟರಿ) ಆಗಬೇಕು. ಡ್ರೈವರ್ ಸಿಗುತ್ತಿಲ್ಲ ಎಂದು ಬಂದರೆ ಯುಪಿಎಸ್ಸನ್ನು ದೂರುವ ಮೊದಲು ಕೇಬಲ್ ಕಿತ್ತು ಮತ್ತೆ ಚುಚ್ಚಿ. ಯುಡೆವ್ ನಿಯಮ ಬದಲಾಗಿ ಆ ಸಾಧನವನ್ನು ಓದುವ ಅನುಮತಿ ತಪ್ಪಿರುವುದೇ ಹೆಚ್ಚು. ಅಪ್‌ಗ್ರೇಡ್ ವೇಳೆ ಹಳೆಯ ಕಾನ್ಫಿಗ್ ಫೈಲಿನ ಜಾಗಕ್ಕೆ ಹೊಸದು ಬಂದು ಕೂತಿದೆಯೇ ಎಂಬುದನ್ನೂ ನೋಡಿ.

ಅಪ್‌ಗ್ರೇಡ್ ಆದಮೇಲೆ ಕಂಪ್ಯೂಟರಿನ ಶಾಖದ ಲೆಕ್ಕವೂ ಮಾಯವಾಗಿದ್ದರೆ ‘ಸೆನ್ಸರ್ಸ್-ಡಿಟೆಕ್ಟ್’ ಮತ್ತೆ ಓಡಿಸಿ. ಹೊಸ ಕರ್ನಲ್‌ನಲ್ಲಿ ಸೆನ್ಸರುಗಳ ‘ಎಚ್‌ಡಬ್ಲ್ಯುಮಾನ್’ ಸಂಖ್ಯೆಗಳು ಅದಲುಬದಲಾಗಬಹುದು. ನಿಮ್ಮ ಸ್ಕ್ರಿಪ್ಟ್ ಸಂಖ್ಯೆಯ ಬದಲು ಚಿಪ್ಪಿನ ಹೆಸರನ್ನು ಹುಡುಕಲಿ. ಇಲ್ಲಿ ಚಳಿಯಿದೆ, ಬಿಸಿಯ ಚಿಂತೆಯೇಕೆ ಎನ್ನಬೇಡಿ: 2,000 ಮೀಟರಿಗೂ ಎತ್ತರದಲ್ಲಿ ಗಾಳಿ ತೆಳು, ಫ್ಯಾನು ಅಷ್ಟು ಶಾಖ ಎಳೆಯದು. ಅದೇ ಚಳಿಗೆ ಸೀಸದ ಬ್ಯಾಟರಿಯ ಬಲವೂ ಕುಗ್ಗುತ್ತದೆ. ನಾಲ್ಕೈದು ವರ್ಷ ಹಳೆಯದಾಗಿದ್ದರೆ ಜೂನ್‌ನ ಮಳೆಗೆ ಮೊದಲೇ ಬದಲಾಯಿಸಿ.