ನಿವೃತ್ತಿಯ ಹಣ: ಎಲ್ಲಿ ಬಿಗಿ ಹಿಡಿಯಬೇಕು, ಎಲ್ಲಿ ಸಡಿಲ ಬಿಡಬೇಕು?



ಈ ಸಲ ರಾಸುಗಳ ರೋಗದ ಬದಲು ಮನೆಯ ಜಮಾಖರ್ಚಿನ ಬಗ್ಗೆ ಬರೆಯುತ್ತಿದ್ದೇನೆ. ಪಶುವೈದ್ಯನಿಗೆ ಈ ಉಸಾಬರಿ ಏಕೆ ಎಂದು ತಾವು ಕೇಳಬಹುದು. ದಾಂಡೇಲಿ, ಹಳಿಯಾಳ, ಜೋಯಿಡಾ, ಮುಂಡಗೋಡ ಭಾಗದ ಸಂಘಗಳಿಗೆ ಹಾಲು ಹಾಕುವವರಲ್ಲಿ ಅರವತ್ತು ದಾಟಿದವರು ಕಡಿಮೆಯೇನಿಲ್ಲ. ಕೆಲವರು ಕಾಗದ ಕಾರ್ಖಾನೆಯಿಂದಲೋ ವಿದ್ಯುತ್ ನಿಗಮದಿಂದಲೋ ಅರಣ್ಯ ಇಲಾಖೆಯಿಂದಲೋ ನಿವೃತ್ತರಾದವರು. ಉಳಿದವರು ನಿವೃತ್ತಿ ಎಂಬುದೇ ಇಲ್ಲದ ರೈತರು, ಗೌಳಿಗರು. ಈ ಎರಡೂ ಬಗೆಯ ಮನೆಗಳಲ್ಲಿ ಒಂದು ಸಂಗತಿ ಕಾಣುತ್ತದೆ. ಕರೆದ ಹಾಲೆಲ್ಲ ಸಂಘಕ್ಕೆ ಹೋಗುತ್ತದೆ, ಮನೆಯ ಹಿರಿಯರು ಕರಿಚಹಾ ಕುಡಿಯುತ್ತಾರೆ. ಅದೇ ಮನೆಯಲ್ಲಿ ಗ್ರಾಚ್ಯುಟಿಯ ಲಕ್ಷಗಳು ಒಂದೇ ವರ್ಷದಲ್ಲಿ ಕರಗಿರುತ್ತವೆ. ಚಿಕ್ಕ ಖರ್ಚಿಗೆ ಮುಷ್ಟಿ ಬಿಗಿ, ದೊಡ್ಡ ಖರ್ಚಿಗೆ ಕೈ ಸಡಿಲ. ಈ ಲೆಕ್ಕ ತಲೆಕೆಳಗಾಗಿದೆ ಎಂಬುದು ನನ್ನ ಅಭಿಪ್ರಾಯ.

ತಮಗೆ ಗೊತ್ತಿರುವ ವಿಷಯದಿಂದಲೇ ಹೇಳುತ್ತೇನೆ. ಕರು ಹಾಕುವುದಕ್ಕೆ ಎರಡು ತಿಂಗಳು ಮೊದಲು ಗಬ್ಬದ ಆಕಳನ್ನು ಬತ್ತಿಸುತ್ತೇವೆ. ಆಗ ಹಾಲಿಲ್ಲ, ಬಟವಾಡೆಯೂ ಇಲ್ಲ. "ಹಾಲೇ ಕೊಡುವುದಿಲ್ಲ, ಪಶು ಆಹಾರ ಏಕೆ?" ಎಂದು ಬರೀ ಒಣಹುಲ್ಲಿನ ಮೇಲೆ ಬಿಡುವವರಿದ್ದಾರೆ. ಉಳಿಸಿದ ಆ ಹಣ ಮುಂದಿನ ಸೂಲಿನಲ್ಲಿ ನಷ್ಟವಾಗಿ ಬರುತ್ತದೆ: ಕರು ಸೊರಗುತ್ತದೆ, ಹಾಲು ಇಳಿಯುತ್ತದೆ, ಆಕಳು ಮತ್ತೆ ಬೆದೆಗೆ ಬರಲು ತಿಂಗಳುಗಟ್ಟಲೆ ತಡವಾಗುತ್ತದೆ. ಆದ್ದರಿಂದಲೇ ಶರೀರ ಪೋಷಣೆಗೆ ದಿನಕ್ಕೆ ಒಂದೂವರೆಯಿಂದ ಎರಡು ಕಿಲೋ, ಗಬ್ಬಕ್ಕೆ ಮೇಲೊಂದು ಒಂದೂವರೆ ಕಿಲೋ ಪಶು ಆಹಾರ, ಜೊತೆಗೆ 50 ಗ್ರಾಂ ಖನಿಜ ಮಿಶ್ರಣ ಕೊಡಿ ಎಂದು ನಾವು ಹೇಳುವುದು. ದುಡಿಮೆ ನಿಂತ ಮನುಷ್ಯನ ಶರೀರಕ್ಕೂ ಪೋಷಣೆಯ ಪಾಲು ಇದ್ದೇ ಇದೆ. ಪಗಾರ ನಿಂತಿತೆಂದು ಅದನ್ನು ಕಡಿಯುವಂತಿಲ್ಲ.

ಮೊದಲು ದೊಡ್ಡ ಹಣದ ವಿಚಾರ. ದಾಂಡೇಲಿಯ ಕಾಗದ ಕಾರ್ಖಾನೆ 1955ರಲ್ಲಿ ಸ್ಥಾಪನೆಯಾಯಿತು. ಅಂದಿನಿಂದ ಈ ಊರಿನಲ್ಲಿ ಗ್ರಾಚ್ಯುಟಿ ಎಂಬ ಶಬ್ದ ಮನೆಮಾತು. 1972ರ ಕಾಯಿದೆ ತಂದ ಲೆಕ್ಕದ ಪ್ರಕಾರ ಸೇವೆಯ ಪ್ರತಿ ವರ್ಷಕ್ಕೆ 15 ದಿನದ ವೇತನ, ತಿಂಗಳಿಗೆ 26 ದಿನದ ಲೆಕ್ಕದಲ್ಲಿ. ಕೊನೆಯ ಮೂಲವೇತನ ಮತ್ತು ತುಟ್ಟಿಭತ್ಯೆ ಸೇರಿ ರೂ. 20,000 ಇದ್ದು, 30 ವರ್ಷ ಸೇವೆ ಮಾಡಿದ್ದರೆ ಸುಮಾರು ರೂ. 3,46,000 ಬರುತ್ತದೆ. ಜೊತೆಗೆ ಭವಿಷ್ಯನಿಧಿ. ಇಷ್ಟು ಹಣವನ್ನು ಒಟ್ಟಿಗೆ ಜೀವಮಾನದಲ್ಲಿ ಕಾಣುವುದು ಅದೊಂದೇ ಸಲ. ಇನ್ನು ಪಿಂಚಣಿ. 1995ರ ನವೆಂಬರ್‌ನಲ್ಲಿ ಜಾರಿಗೆ ಬಂದ ನೌಕರರ ಪಿಂಚಣಿ ಯೋಜನೆಯಲ್ಲಿ ಕಾರ್ಮಿಕನ ಕೈಗೆ ಬರುವುದು ಕೆಲವು ಸಾವಿರ ಮಾತ್ರ. 2014ರಲ್ಲಿ ಕನಿಷ್ಠ ಮೊತ್ತವನ್ನು ರೂ. 1,000 ಎಂದು ನಿಗದಿಪಡಿಸಿದರು. ಸರ್ಕಾರಿ ನೌಕರರ ಪಿಂಚಣಿಯಂತೆ ಇದಕ್ಕೆ ತುಟ್ಟಿಭತ್ಯೆ ಇಲ್ಲ. ಅಕ್ಕಿ, ಔಷಧಿ, ಹಿಂಡಿ ಎಲ್ಲದರ ದರ ಏರುತ್ತದೆ, ಪಿಂಚಣಿ ಇದ್ದಲ್ಲೇ ಇರುತ್ತದೆ. ಆದ್ದರಿಂದ ಇಡುಗಂಟು ಕರಗಿದರೆ ಅದನ್ನು ತುಂಬಲು ಬೇರೆ ದಾರಿಯಿಲ್ಲ.

ಇಡುಗಂಟು ಕರಗುವ ದಾರಿಗಳು ತಮಗೇ ಗೊತ್ತು. ಮದುವೆ, ಮನೆಗೆ ಇನ್ನೊಂದು ಮಹಡಿ, ನೆಂಟರ ಸಾಲಕ್ಕೆ ಜಾಮೀನು, ಹೆಚ್ಚು ಬಡ್ಡಿಯ ಆಸೆ ತೋರಿಸುವ ಚೀಟಿ. ಇವುಗಳ ಬಗ್ಗೆ ಬೇರೆಯವರು ಹೇಳಲಿ. ನನ್ನ ಕಸುಬಿಗೆ ಸೇರಿದ ಒಂದು ದಾರಿಯಿದೆ: ನಿವೃತ್ತಿಯಾದ ತಿಂಗಳಲ್ಲೇ ನಾಲ್ಕು ಮಿಶ್ರತಳಿ ಆಕಳು ಕೊಳ್ಳುವುದು. ಒಂದು ಆಕಳಿಗೆ ದಿನಕ್ಕೆ 20–25 ಕಿಲೋ ಹಸಿಮೇವು ಬೇಕು. ನಾಲ್ಕಕ್ಕೆ ನೂರು ಕಿಲೋ ಹತ್ತಿರ. ಕ್ವಾರ್ಟರ್ಸ್ ಬಿಟ್ಟು ಬಾಡಿಗೆ ಮನೆಗೆ ಬಂದವರಿಗೆ ಆ ಮೇವು ಬೆಳೆಯಲು ಜಾಗವೆಲ್ಲಿ? ಜಾಗವಿದ್ದರೂ ದಿನವೂ ನೂರು ಕಿಲೋ ಕೊಯ್ದು ಹೊರುವ ವಯಸ್ಸೇ ಅದು? 2022ರಲ್ಲಿ ಚರ್ಮಗಂಟು ರೋಗ ರಾಜ್ಯದಲ್ಲಿ ಹರಡಿದಾಗ ಇದ್ದ ಹಣವನ್ನೆಲ್ಲ ರಾಸುಗಳ ಮೇಲೆ ಹಾಕಿದವರು ಏನು ಕಂಡರೆಂದು ನೆನಪಿಸಿಕೊಳ್ಳಿ. ಅರವತ್ತರ ಮನೆಗೆ ಒಂದು ಆಕಳು, ಬಹಳವೆಂದರೆ ಎರಡು ಸಾಕು. ಅವುಗಳಿಗೆ ವಿಮೆ ಇರಲಿ. ಉಳಿದ ಹಣ ಅಂಚೆ ಕಚೇರಿಯ ಹಿರಿಯ ನಾಗರಿಕರ ಉಳಿತಾಯ ಯೋಜನೆಯಲ್ಲಿ ಇರಲಿ. 2004ರಿಂದ ಇರುವ ಯೋಜನೆ, ಮೂರು ತಿಂಗಳಿಗೊಮ್ಮೆ ಬಡ್ಡಿ ಕೈಗೆ ಬರುತ್ತದೆ.

ಈಗ ಚಿಕ್ಕ ಹಣ. ಲೆಕ್ಕಕ್ಕಾಗಿ ಒಂದು ಆಕಳು ದಿನಕ್ಕೆ 8 ಲೀಟರ್ ಕೊಡುತ್ತದೆ, ದರ ಲೀಟರಿಗೆ ರೂ. 35 ಎಂದಿಟ್ಟುಕೊಳ್ಳೋಣ. ತಮ್ಮ ಸಂಘದ ದರವನ್ನು ತಾವೇ ಹಾಕಿಕೊಳ್ಳಿ. ತಿಂಗಳಿಗೆ 240 ಲೀಟರ್. ದಿನಕ್ಕೆ ಅರ್ಧ ಲೀಟರಿನಂತೆ 15 ಲೀಟರ್ ಮನೆಗೆ ಇಟ್ಟುಕೊಂಡು 225 ಲೀಟರ್ ಹಾಕಿದರೆ ಬಿಲ್ಲು ರೂ. 7,875. ಪಶು ಆಹಾರ, ಒಣಮೇವು, ಖನಿಜ ಮಿಶ್ರಣಕ್ಕೆ ಸುಮಾರು ರೂ. 5,550 ಹೋದರೆ ಉಳಿಯುವುದು ರೂ. 2,325. ಆದರೆ ಇದನ್ನು ಪೂರ್ತಿ ಖರ್ಚು ಮಾಡುವಂತಿಲ್ಲ. ಹಾಲು ಹತ್ತು ತಿಂಗಳು, ಬತ್ತಿದ ಕಾಲ ಎರಡು ತಿಂಗಳು. ಆ ಎರಡು ತಿಂಗಳ ಮೇವಿಗೆಂದು ಪ್ರತಿ ತಿಂಗಳು ರೂ. 850 ಬೇರೆ ತೆಗೆದಿಡಬೇಕು. ಕೈಯಲ್ಲಿ ನಿಲ್ಲುವುದು ರೂ. 1,475. ಇದು ಮನೆ ಖರ್ಚಿಗೆ.

ಮನೆಗೆ ಇಟ್ಟುಕೊಂಡ ಅರ್ಧ ಲೀಟರ್‌ಗೆ ತಿಂಗಳಿಗೆ ರೂ. 525 ಬಿಟ್ಟುಕೊಟ್ಟಂತಾಯಿತು. ಅದನ್ನು ಚೈನಿ ಎನ್ನುವವರಿಗೆ ನನ್ನ ಉತ್ತರ ಇಷ್ಟು: ಅರ್ಧ ಲೀಟರ್ ಆಕಳ ಹಾಲಿನಲ್ಲಿ ಸುಮಾರು 600 ಮಿಲಿಗ್ರಾಂ ಸುಣ್ಣದಂಶ ಇದೆ. ಎಲುಬು ಟೊಳ್ಳಾಗುವ ವಯಸ್ಸಿನಲ್ಲಿ ಜಾರಿ ಬಿದ್ದು ತೊಡೆಯ ಎಲುಬು ಮುರಿದರೆ ಆಗುವ ಖರ್ಚು ತಮಗೆ ಗೊತ್ತಿದೆ. ಕನ್ನಡಕ, ಹಲ್ಲಿನ ಸೆಟ್ಟು, ಜಾರದ ಚಪ್ಪಲಿ ಇವೂ ಚೈನಿಯಲ್ಲ. ಹಲ್ಲಿಲ್ಲದೆ ಗಂಜಿಯಲ್ಲೇ ದಿನ ತಳ್ಳುವ ಹಿರಿಯರು ರಾಸಿನ ಹಲ್ಲು ನೋಡಿ ವಯಸ್ಸು ಹೇಳಬಲ್ಲವರು! ಆಸ್ಪತ್ರೆಯ ಖರ್ಚಿಗೆ ಸಹಕಾರ ಸಂಘಗಳ ಸದಸ್ಯರಿಗಾಗಿ ಯಶಸ್ವಿನಿ ಯೋಜನೆ ಇದೆ. 2003ರಲ್ಲಿ ಆರಂಭವಾಗಿ, 2018ರಲ್ಲಿ ನಿಂತು, 2022–23ರಲ್ಲಿ ಮತ್ತೆ ಬಂದಿದೆ. ನೋಂದಣಿಯ ಅವಧಿಯನ್ನು ಸಂಘದ ಕಾರ್ಯದರ್ಶಿಯವರಲ್ಲಿ ವಿಚಾರಿಸಿ, ತಪ್ಪಿಸಬೇಡಿ.

ನಿಜವಾದ ಚೈನಿಯೂ ಬೇಕು. ಅದಕ್ಕೆ ಹಣ ಎಲ್ಲಿಂದ? ನಾನು ಸೂಚಿಸುವುದು ಸರ್ಕಾರದ ಪ್ರೋತ್ಸಾಹಧನ. 2008ರಲ್ಲಿ ಲೀಟರಿಗೆ ರೂ. 2 ಇದ್ದದ್ದು 2013ರಲ್ಲಿ ರೂ. 4, 2016ರಲ್ಲಿ ರೂ. 5 ಆಯಿತು. ಇದು ಸಂಘದ ಬಿಲ್ಲಿನಲ್ಲಿ ಬರದೆ ನೇರ ಬ್ಯಾಂಕ್ ಖಾತೆಗೆ ಜಮೆಯಾಗುತ್ತದೆ. ಎಷ್ಟೋ ಸಲ ತಡವಾಗಿ ಬರುತ್ತದೆಂಬ ದೂರು ತಮ್ಮದು. ತಡವಾಗಿ ಬರುವ ಹಣ ಕಿರಾಣಿ ಅಂಗಡಿಯ ಬಾಕಿಗೆ ಆಗಿಬರುವುದಿಲ್ಲ, ಸಂತೋಷದ ಖರ್ಚಿಗೆ ಆಗಿಬರುತ್ತದೆ. ಮೇಲಿನ ಲೆಕ್ಕದ ಆಕಳಿಂದ ತಿಂಗಳಿಗೆ ರೂ. 1,125. ಇದು ಗಂಡಹೆಂಡತಿ ಇಬ್ಬರ ಸ್ವಂತ ಹಣ. ಮಗನ ಮೋಟಾರ್ ಸೈಕಲ್ಲಿನ ಕಂತಿಗೆ ಕೊಡಬೇಡಿ, ಇದರ ಲೆಕ್ಕ ಯಾರಿಗೂ ಒಪ್ಪಿಸಬೇಡಿ. ಹಳಿಯಾಳದ ಕುಸ್ತಿ ನೋಡಲು ಹೋಗುವುದಿರಲಿ, ಸಂತೆಯಲ್ಲಿ ಒಂದು ಪ್ಲೇಟು ಬಿಸಿ ಮಿರ್ಚಿ ಭಜಿ ಇರಲಿ, ಒಳ್ಳೆಯ ಚಹಾಪುಡಿ ಇರಲಿ. 1966ರಲ್ಲಿ ಮುಂಡಗೋಡಕ್ಕೆ ನಿರಾಶ್ರಿತರಾಗಿ ಬಂದು ನೆಲೆಸಿದ ಟಿಬೆಟನ್ನರು ಬೆಣ್ಣೆ, ಉಪ್ಪು ಹಾಕಿ ಕಡೆದ ಚಹಾ ಕುಡಿಯುವ ರೂಢಿಯವರು. ಊರು ಬಿಟ್ಟು ಬಂದವರೂ ಚಹಾದ ಬೆಣ್ಣೆ ಬಿಡಲಿಲ್ಲ. ಮನೆಯಲ್ಲೇ ಆಕಳಿರುವ ನಾವು ಹಾಲು ಬಿಟ್ಟಿದ್ದೇವೆ.

ಇಲ್ಲಿ ಒಂದು ಮಾತನ್ನು ಗಂಡಸರಿಗೆ ಹೇಳಬೇಕು. ತಾವು ನಿವೃತ್ತರಾದಿರಿ. ಮನೆಯವರು ಇಂದೂ ಬೆಳಗಿನ ಐದಕ್ಕೆ ಎದ್ದು ಸಗಣಿ ಬಾಚುತ್ತಿದ್ದಾರೆ. ಪ್ರೋತ್ಸಾಹಧನದ ಮೇಲೆ ಮೊದಲ ಹಕ್ಕು ಅವರದು. 2023ರ ಜೂನ್‌ನಿಂದ ಸರ್ಕಾರಿ ಸಾಮಾನ್ಯ ಬಸ್ಸುಗಳಲ್ಲಿ ಅವರಿಗೆ ಟಿಕೆಟ್ ಇಲ್ಲ, 60 ದಾಟಿದ ತಮಗೆ ಶೇಕಡಾ 25 ರಿಯಾಯಿತಿ. ಉಳವಿಯ ಚನ್ನಬಸವೇಶ್ವರ ಜಾತ್ರೆಗೆ ಧಾರವಾಡ, ಬೆಳಗಾವಿ ಕಡೆಯವರು ಚಕ್ಕಡಿ ಹೂಡಿಕೊಂಡು ಬರುತ್ತಾರೆ. ಪಕ್ಕದಲ್ಲೇ ಇರುವ ನಮ್ಮವರು "ಆಕಳ ಹಾಲು ಕರೆಯುವವರು ಯಾರು?" ಎಂದು ಮನೆಯಲ್ಲೇ ಉಳಿಯುತ್ತಾರೆ.

ಇದಕ್ಕೆ ಉಪಾಯವಿದೆ. ಜಾತ್ರೆ ಭಾರತ ಹುಣ್ಣಿಮೆಗೆ, ಅಂದರೆ ಸಾಮಾನ್ಯವಾಗಿ ಫೆಬ್ರವರಿಯಲ್ಲಿ. ಆಕಳಿನ ಗಬ್ಬದ ಅವಧಿ ಸುಮಾರು 280 ದಿನ. ಜೂನ್ ಮಧ್ಯದಿಂದ ಮೂರನೆಯ ವಾರದೊಳಗೆ ಬೆದೆಗೆ ಬಂದಾಗ ಕೃತಕ ಗರ್ಭಧಾರಣೆ ಮಾಡಿಸಿದರೆ ಮಾರ್ಚ್ ಕೊನೆಯ ಹೊತ್ತಿಗೆ ಕರು ಹಾಕುತ್ತದೆ, ಜನವರಿ ಕೊನೆಯಲ್ಲಿ ಬತ್ತಿಸಬೇಕಾಗುತ್ತದೆ. ಫೆಬ್ರವರಿ ತಿಂಗಳಿಡೀ ಕರೆಯುವ ಕೆಲಸವಿಲ್ಲ. ನೀರು, ಮೇವು ಹಾಕಲು ನೆರೆಯವರು ಸಾಕು. ಮೂರು ದಿನ ನಿಶ್ಚಿಂತೆಯಿಂದ ಹೋಗಿಬರಬಹುದು. ಎಮ್ಮೆಗೆ ಈ ಲೆಕ್ಕ ಹೊಂದುವುದು ಕಷ್ಟ. ಅದರ ಗಬ್ಬ ಸುಮಾರು 310 ದಿನ, ಅಂದರೆ ಮೇ ತಿಂಗಳಲ್ಲಿ ಕಟ್ಟಿಸಬೇಕು. ಬೇಸಿಗೆಯಲ್ಲಿ ಎಮ್ಮೆಯ ಬೆದೆ ಕಾಣುವುದೇ ಕಡಿಮೆ. ಎಮ್ಮೆ ಸಾಕಿದವರು ನೆರೆಹೊರೆಯವರೊಂದಿಗೆ ಸರದಿ ಮಾಡಿಕೊಳ್ಳಿ: ಈ ಸಲ ಅವರು ಹೋದಾಗ ಇವರು ಕರೆದುಕೊಡಲಿ, ಹಾಲು ಆಯಾ ಮನೆಯವರ ಹೆಸರಿನಲ್ಲೇ ಸಂಘಕ್ಕೆ ಹೋಗಲಿ. ಹೊಸಬರ ಕೈಗೆ ಎಮ್ಮೆ ಹಾಲು ಇಳಿಸುವುದಿಲ್ಲವಾದ್ದರಿಂದ ಒಂದು ವಾರ ಮೊದಲೇ ಅವರನ್ನು ಕರೆದು ಕೈ ರೂಢಿ ಮಾಡಿಸಿ.