ಅಳಿವೆ ದಾಟುವ ಮುನ್ನ

ಗಂಗೊಳ್ಳಿಯಲ್ಲಿ ಐದು ಹೊಳೆಗಳು ಒಂದೇ ಬಾಯಲ್ಲಿ ಕಡಲು ಸೇರುತ್ತವೆ: ಸೌಪರ್ಣಿಕಾ, ವಾರಾಹಿ, ಚಕ್ರಾ, ಕುಬ್ಜಾ, ಖೇಟಾ. ಪಂಚಗಂಗಾವಳಿ ಎಂದು ಕರೆಯುವ ಈ ಅಳಿವೆಯನ್ನು ದಡದಲ್ಲಿ ನಿಂತು ನೋಡುವುದು ಚೆಂದ. ಬೋಟಿನವರಿಗೆ ಮಾತ್ರ ಅಲ್ಲಿರುವಷ್ಟು ಹೆದರಿಕೆ ನಡುಗಡಲಿನಲ್ಲೂ ಇಲ್ಲ. ಹೊಳೆಗಳು ಹೊತ್ತು ತಂದ ಮರಳು ಬಾಯಲ್ಲಿ ದಿಣ್ಣೆ ಕಟ್ಟುತ್ತದೆ. ಒಳಗಿನಿಂದ ಇಳಿಯುವ ನೀರಿಗೂ ಹೊರಗಿನಿಂದ ನುಗ್ಗುವ ಅಲೆಗೂ ಅಲ್ಲಿ ಮುಖಾಮುಖಿ. ಆಳ ಕಡಿಮೆಯಾದಲ್ಲಿ ಅಲೆ ಎದ್ದು ಮುರಿಯುತ್ತದೆ. ನಮ್ಮ ಕರಾವಳಿಯಲ್ಲಿ ದೋಣಿ ಮಗುಚಿತು ಎಂಬ ಸುದ್ದಿ ಬಂದಾಗ ಎಷ್ಟೋ ಸಲ ಅದು ಮನೆಯ ದೀಪ ಕಾಣುವಷ್ಟು ಹತ್ತಿರದ ಇಂಥ ಜಾಗದಲ್ಲೇ ಆಗಿರುತ್ತದೆ.

ಪರ್ಸೀನ್ ಬೋಟಿನಲ್ಲಿ ನಾನು ಮೊದಲ ಸಲ ಹೋದದ್ದು ಅದನ್ನು ನಡೆಸುವ ತಾಂಡೇಲರ, ನಮ್ಮ ಪಕ್ಕದ ಮನೆಯವರ ಜೊತೆ. ಚಿಕ್ಕಂದಿನಿಂದ ಮಾವ ಎಂದೇ ಕರೆದವರು. ಬೆಳಗಿನ ಜಾವ ದಕ್ಕೆ ಬಿಟ್ಟ ಬೋಟು ಅಳಿವೆಯ ಬಳಿ ಬಂದು ನಿಂತುಬಿಟ್ಟಿತು. ಇಂಜಿನ್ ಸದ್ದು ಇಳಿಯಿತು. ಮುಂದೆ ಕತ್ತಲಲ್ಲಿ ಅಲೆ ಮುರಿಯುವ ಬಿಳಿ ಗೆರೆ ಮಾತ್ರ ಕಾಣುತ್ತಿತ್ತು. ಬೋಟಿನಲ್ಲಿ ದುಡಿಯುವ ಮೂವತ್ತರಷ್ಟು ಕಲಾಸಿಗಳಲ್ಲಿ ಒಬ್ಬರೂ ಮಾತಾಡಲಿಲ್ಲ. ಏನಾಯಿತು ಎಂದು ಕೇಳಿದ್ದಕ್ಕೆ ಮಾವ ತಿರುಗಿ ನೋಡದೆ ಹೇಳಿದರು: “ಕಡ್ಲ್ ಎಲ್ಲಿಗೂ ಓಡ್ ಹೋತಿಲ್ಲೆ ಮಗಾ, ಕೂಕೊ.”

ದೊಡ್ಡ ಅಲೆಗಳು ಒಂದರ ಹಿಂದೊಂದು ಗುಂಪಾಗಿ ಬರುತ್ತವೆ. ಗುಂಪು ದಾಟಿದ ಮೇಲೆ ಸ್ವಲ್ಪ ಹೊತ್ತು ನೀರು ಸಮವಾಗುತ್ತದೆ. ಮಾವ ಅದನ್ನೇ ನೋಡುತ್ತಿದ್ದರು. ಒಂದು ಗುಂಪು ಹೋಯಿತು, ಬೋಟು ಕದಲಲಿಲ್ಲ. ಇನ್ನೊಂದು ಹೋಯಿತು, ಆಗಲೂ ಇಲ್ಲ. ನಮ್ಮ ಹಿಂದೆ ಬಂದ ಬೇರೊಂದು ಬೋಟು ಪಕ್ಕದಲ್ಲಿ ನುಗ್ಗಿ ಹೋಯಿತು. ಅದನ್ನು ನೋಡಿಯೂ ಅವರು ಕೈ ಆಡಿಸಲಿಲ್ಲ. ಮತ್ತೊಂದು ಗುಂಪಿನ ಕೊನೆಯ ಅಲೆ ಬೆನ್ನು ತೋರಿಸಿದ್ದೇ ತಡ ಇಂಜಿನ್ ಗರ್ಜಿಸಿತು. ಎರಡು ಸಲ ಮೂತಿ ಎತ್ತಿ ಇಳಿಸಿ ಬೋಟು ಹೊರಗೆ ಬಿದ್ದಿತ್ತು. ಕಡಲ ಸಾಹಸವೆಂದರೆ ನುಗ್ಗುವುದು ಎಂದು ನನಗೆ ಸಿನಿಮಾಗಳು ಕಲಿಸಿದ್ದವು. ನಿಲ್ಲುವುದು ಎಂದು ಕಲಿಸಿದ್ದು ಆ ಬೆಳಗು. ಆಮೇಲೆ ಕಡಲಿನ ಬಗ್ಗೆ ನಾನು ತಿಳಿದುಕೊಂಡದ್ದೆಲ್ಲ ಇದರ ಸುತ್ತಲೇ ಬೆಳೆಯಿತು.

ನಾನು ಬೋಟು ಹತ್ತಿದ್ದು ಸುಲಭದಲ್ಲಿ ಆದ ಕೆಲಸವಲ್ಲ. ನಮ್ಮ ಕಡೆ ಹೆಂಗಸರು ಮೀನು ಹೊರುತ್ತಾರೆ, ಮಾರುತ್ತಾರೆ, ಒಣಗಿಸುತ್ತಾರೆ, ಏಲಂ ಕೂಗುವವನ ಎದುರು ನಿಂತು ರೇಟಿಗೆ ಜಗಳವಾಡುತ್ತಾರೆ. ಬೋಟಿಗೆ ಹತ್ತುವ ರೂಢಿ ಮಾತ್ರ ಇಲ್ಲ. ಹೆಂಗಸು ಕಾಲಿಟ್ಟರೆ ಬಲೆಗೆ ಮೀನು ಬೀಳುವುದಿಲ್ಲ ಎಂದು ಒಬ್ಬ ಹಿರಿಯ ಕಲಾಸಿ ನೇರವಾಗಿಯೇ ಹೇಳಿದರು. ಮಾವ ಅವರನ್ನು ಗದರಿಸಲಿಲ್ಲ, ನನ್ನನ್ನು ಇಳಿಸಲೂ ಇಲ್ಲ. ಚಪ್ಪಲಿ ದಕ್ಕೆಯಲ್ಲೇ ಬಿಟ್ಟು ಬರಲು ಹೇಳಿದರು, ಮುಂಭಾಗದಲ್ಲಿ ಊದುಬತ್ತಿ ಹಚ್ಚಿ ಕೈಮುಗಿಯಲು ಹೇಳಿದರು, ಅಷ್ಟೇ. ಹೊರಡುವವರನ್ನು ಎಲ್ಲಿಗೆ ಎಂದು ಕೇಳಬಾರದು, ಇವತ್ತು ಎಷ್ಟು ಮೀನು ಸಿಗಬಹುದು ಎಂದು ಬಾಯಿಬಿಟ್ಟು ಆಡಬಾರದು ಎಂಬುದನ್ನು ಅವರ ಹೆಂಡತಿ ಮೊದಲೇ ಹೇಳಿ ಕಳಿಸಿದ್ದರು.

ಬಂಗುಡೆಯ ಗುಂಪು ಸಿಕ್ಕಿದ್ದು ಸೂರ್ಯ ಹುಟ್ಟಿದ ಮೇಲೆ. ಫಿಶ್ ಫೈಂಡರ್ ತೋರಿಸುವ ಮೊದಲೇ ಮಾವ ಕಂಡಿದ್ದರು: ಗಾಳಿಯಿಲ್ಲದ ನೀರಿನ ಮೇಲೆ ಒಂದೇ ಕಡೆ ಸಣ್ಣ ಮಳೆ ಬಿದ್ದಂತೆ ಪುಟಪುಟ. ಹೈದರಾಬಾದಿನ ಇನ್‌ಕಾಯ್ಸ್ ಸಂಸ್ಥೆ ಉಪಗ್ರಹಗಳ ಮಾಹಿತಿಯಿಂದ ಕಡಲ ಮೇಲ್ಮೈಯ ಬಿಸಿ, ನೀರಿನ ಹಸಿರು ಅಳೆದು ಮೀನು ಎಲ್ಲಿ ಸೇರಬಹುದೆಂದು ಮೀನುಗಾರರಿಗೆ ತಿಳಿಸುತ್ತದೆ. ಆ ಮಾಹಿತಿಯನ್ನೂ ಅವರು ತಪ್ಪದೆ ನೋಡುತ್ತಾರೆ. ಬಲೆಯ ಒಂದು ತುದಿ ಸಣ್ಣ ಡಿಂಗಿಯಲ್ಲಿ ನಿಂತಿತು, ದೊಡ್ಡ ಬೋಟು ಗುಂಪನ್ನು ಸುತ್ತಿ ಬಂತು. ಬಲೆಯ ಬುಡದ ಉಂಗುರಗಳಲ್ಲಿ ಹಾದ ಹಗ್ಗ ಎಳೆದಾಗ ಕೆಳಗಿನ ಬಾಯಿ ಮುಚ್ಚಿಕೊಂಡಿತು. ಆಮೇಲೆ ಎಳೆಯುವುದು, ಎಳೆಯುವುದು. ಡೆಕ್ಕಿಗೆ ಸುರಿದ ಬಂಗುಡೆಯ ಬೆನ್ನಿನಲ್ಲಿ ಹಸಿರುಮಿಶ್ರಿತ ನೀಲಿ, ಪಕ್ಕದಲ್ಲಿ ಹೊಂಬಣ್ಣದ ಗೆರೆಗಳು. ನಾನು ಹುಟ್ಟಿದಂದಿನಿಂದ ಬಂಗುಡೆ ತಿಂದವಳು, ಆ ಹೊಂಬಣ್ಣವನ್ನು ಅವತ್ತಿನವರೆಗೆ ಕಂಡಿರಲಿಲ್ಲ. ಐಸಿಗೆ ಬೀಳುವಷ್ಟರಲ್ಲಿ ಅದು ಮಾಸಿಹೋಗಿತ್ತು. ಮಾರುಕಟ್ಟೆಗೆ ಬರುವುದು ಬರೀ ಬೂದು. ಮೀನು ಚೆನ್ನಾಗಿಯೇ ಬಿದ್ದಿತ್ತು. ಹಿರಿಯ ಕಲಾಸಿ ಏನೂ ಹೇಳದೆ ನನ್ನ ಕೈಗೆ ಚಹಾದ ಲೋಟ ಕೊಟ್ಟರು.

ಕಡಲಿನವರ ನಂಬಿಕೆಗಳ ಬಗ್ಗೆ ಓದಿದವರು ಎರಡು ರೀತಿ ಮಾತಾಡುತ್ತಾರೆ. ಎಲ್ಲವೂ ಮೂಢನಂಬಿಕೆ ಎನ್ನುವವರು ಒಂದು ಕಡೆ, ಎಲ್ಲದರ ಹಿಂದೆಯೂ ವಿಜ್ಞಾನವಿದೆ ಎನ್ನುವವರು ಇನ್ನೊಂದು ಕಡೆ. ನನಗೆ ಎರಡೂ ಒಪ್ಪಿಗೆಯಿಲ್ಲ. ಯುರೋಪಿನ ಹಾಯಿಹಡಗಿನವರು ಹಡಗಿನಲ್ಲಿ ಸಿಳ್ಳೆ ಹಾಕಿದರೆ ಬಿರುಗಾಳಿ ಬರುತ್ತದೆಂದು ನಂಬಿದ್ದರು, ಶುಕ್ರವಾರ ಹೊರಡಲು ಅಂಜುತ್ತಿದ್ದರು. ಸಿಳ್ಳೆಗೂ ಗಾಳಿಗೂ ಸಂಬಂಧವಿಲ್ಲ. ಆದರೆ ಗಾಳಿ ತನ್ನ ಮಾತು ಕೇಳುವುದಿಲ್ಲ ಎಂದು ದಿನವೂ ನೆನಪಿಸಿಕೊಳ್ಳುವ ಮನುಷ್ಯ ಆಕಾಶವನ್ನು ಇನ್ನೊಮ್ಮೆ ನೋಡಿಯೇ ಹೊರಡುತ್ತಾನೆ. ನಮ್ಮ ಕರಾವಳಿಯ ಬೊಬ್ಬರ್ಯನನ್ನೇ ನೋಡಿ. ಪಾಡ್ದನದಲ್ಲಿ ಅವನ ತಂದೆ ಮುಸ್ಲಿಂ ವ್ಯಾಪಾರಿ, ತಾಯಿ ಜೈನರ ಮನೆಯಲ್ಲಿ ಹುಟ್ಟಿದವಳು. ಕಡಲಿನಲ್ಲಿ ಅಳಿದು ದೈವವಾದವನು. ಮೊಗವೀರರ ಊರೂರಿನಲ್ಲಿ ಅವನಿಗೆ ಸ್ಥಾನವಿದೆ. ಜಾತಿ ಮತ ಕೇಳದೆ ಮುಳುಗಿಸುವ ನೀರಿಗೆ ಇಳಿಯುವವರು ಇಂಥ ಒಬ್ಬ ದೈವವನ್ನು ಕಾವಲಿಗೆ ಆರಿಸಿಕೊಂಡದ್ದು ನನಗೆ ಬಹಳ ದೊಡ್ಡ ವಿಷಯವಾಗಿ ಕಾಣುತ್ತದೆ.

ಹಾಗಾಗಿ ನಾನು ಒಂದು ಅಳತೆ ಇಟ್ಟುಕೊಂಡಿದ್ದೇನೆ. ಹೊರಡುವವನನ್ನು ಒಂದು ನಿಮಿಷ ತಡೆದು ನಿಲ್ಲಿಸುವ ನಂಬಿಕೆ ಇರಲಿ. ಯಾರನ್ನೋ ಹೊರಗಿಡಲು ಮಾತ್ರ ಉಪಯೋಗಕ್ಕೆ ಬರುವ ನಂಬಿಕೆ ಬಿಟ್ಟುಹೋಗಲಿ. ಹೆಂಗಸು ಹತ್ತಿದರೆ ಮೀನಿಲ್ಲ ಎಂಬುದು ಎರಡನೆಯ ಜಾತಿಯದು.

ಕರ್ನಾಟಕದಲ್ಲಿ ಜೂನ್ 1ರಿಂದ ಜುಲೈ 31ರವರೆಗೆ, 61 ದಿನ, ಯಾಂತ್ರಿಕ ಬೋಟುಗಳು ಕಡಲಿಗಿಳಿಯುವಂತಿಲ್ಲ. ಮೀನು ಮೊಟ್ಟೆಯಿಡುವ ಕಾಲ, ಕಡಲೂ ಹುಚ್ಚೆದ್ದಿರುತ್ತದೆ. ಸಣ್ಣ ಇಂಜಿನ್ನಿನ ನಾಡದೋಣಿಗಳಿಗೆ ಮಾತ್ರ ಅವಕಾಶ. ಆಗಸ್ಟ್ ಒಂದಕ್ಕೆ ಕಾನೂನು ಬಿಟ್ಟರೂ ಎಷ್ಟೋ ಮಂದಿ ನೂಲ ಹುಣ್ಣಿಮೆಯ ಸಮುದ್ರಪೂಜೆ ಆಗದೆ ಹೊರಡುವುದಿಲ್ಲ. ಮಲ್ಪೆಯ ವಡಭಾಂಡೇಶ್ವರದಲ್ಲಿ ಹಾಲು, ಹೂವು, ತೆಂಗಿನಕಾಯಿ ಕಡಲಿಗೆ ಅರ್ಪಿಸುವುದನ್ನು ನೋಡಿದ್ದೇನೆ. ಸಾಲದ ಕಂತು ತಲೆಯ ಮೇಲಿದ್ದರೂ ಇನ್ನೂ ಕೆಲವು ದಿನ ಬೋಟು ಕಟ್ಟಿಹಾಕಿ ಕೂರುವುದು ಸಣ್ಣ ಮಾತಲ್ಲ.

ಕಾಯುವುದರಲ್ಲಿ ಇನ್ನೊಂದು ಬಗೆ ಇದೆ, ಅದನ್ನು ಯಾರೂ ಆರಿಸಿಕೊಂಡದ್ದಲ್ಲ. 2018ರ ಡಿಸೆಂಬರ್‌ನಲ್ಲಿ ಮಲ್ಪೆಯಿಂದ ಹೊರಟ ‘ಸುವರ್ಣ ತ್ರಿಭುಜ’ ಬೋಟು ಏಳು ಮಂದಿ ಮೀನುಗಾರರೊಂದಿಗೆ ಕಾಣೆಯಾಯಿತು. ಉಡುಪಿ, ಉತ್ತರ ಕನ್ನಡದ ಆ ಮನೆಗಳವರು ತಿಂಗಳುಗಟ್ಟಲೆ ಕಾದರು. 2019ರ ಮೇ ತಿಂಗಳಲ್ಲಿ ಮಹಾರಾಷ್ಟ್ರದ ಮಾಲ್ವಣ ಬಳಿ ಕಡಲ ತಳದಲ್ಲಿ ಬೋಟಿನ ಅವಶೇಷವನ್ನು ನೌಕಾಪಡೆ ಪತ್ತೆ ಹಚ್ಚಿತು. ಆ ಏಳು ಮಂದಿ ಮನೆಗೆ ಬರಲಿಲ್ಲ. ದೇಹ ಸಿಗದಿದ್ದರೆ, ಸುದ್ದಿಯಿಲ್ಲದೆ ಏಳು ವರ್ಷ ಕಳೆದ ಮೇಲೆಯೇ ಸತ್ತರೆಂದು ಭಾವಿಸುವುದು ನಮ್ಮ ಸಾಕ್ಷ್ಯ ಕಾನೂನಿನ ಸಾಮಾನ್ಯ ನಿಯಮ. ವಿಮೆ, ಪಿಂಚಣಿ, ಬ್ಯಾಂಕಿನ ಖಾತೆ ಎಲ್ಲದಕ್ಕೂ ಒಂದು ಮರಣಪತ್ರ ಬೇಕು. ಮೀನುಗಾರನ ಹೆಂಡತಿಗೆ ಆ ಕಾಗದ ಎಷ್ಟು ದೂರ ಎಂಬುದನ್ನು ದಡದಲ್ಲಿ ಬೆಳೆದವರೆಲ್ಲ ಬಲ್ಲರು.

ಲೈಫ್ ಜಾಕೆಟ್ಟಿನ ವಿಷಯದಲ್ಲಿ ನಾನು ಹಟ ಹಿಡಿಯುವುದು ಅದಕ್ಕೇ. ಬೋಟಿನಲ್ಲಿ ಜಾಕೆಟ್ ಇರುತ್ತದೆ, ಕ್ಯಾಬಿನ್ನಿನ ಮೂಲೆಯಲ್ಲಿ. ಅದನ್ನು ಹಾಕಿಕೊಂಡರೆ ಬಲೆ ಎಳೆಯಲಾಗದು, ದಪ್ಪ ಫೋಮು ಹಗ್ಗಕ್ಕೆ ಸಿಕ್ಕಿಕೊಳ್ಳುತ್ತದೆ, ಸೆಕೆ ತಡೆಯಲಾಗದು ಎಂದು ಕಲಾಸಿಗಳು ಹೇಳುತ್ತಾರೆ. ಬಲೆ ಎಳೆಯುವುದನ್ನು ಕಣ್ಣಾರೆ ಕಂಡವಳಾಗಿ ಅದು ನೆಪವಲ್ಲ ಎಂದು ನಾನು ಒಪ್ಪುತ್ತೇನೆ. ಆದರೆ ಅಳಿವೆ ದಾಟುವಾಗ ಯಾರೂ ಬಲೆ ಎಳೆಯುವುದಿಲ್ಲ. ಹೋಗುವಾಗ ಒಮ್ಮೆ, ಬರುವಾಗ ಒಮ್ಮೆ, ಊದುಬತ್ತಿ ಹಚ್ಚುವಷ್ಟೇ ಕಡ್ಡಾಯವಾಗಿ ಜಾಕೆಟ್ ಹಾಕಿಕೊಳ್ಳಬಹುದು. ಮಾವನ ಬೋಟಿನಲ್ಲಿ ಈಗ ಕಿರಿಯರು ಹಾಕುತ್ತಾರೆ. ಹಿರಿಯರು ಇನ್ನೂ ಒಪ್ಪಿಲ್ಲ.

ನೀರಿನ ಮೇಲೆ ಇಷ್ಟು ತಿಳಿದ ಮೇಲೆ ಒಳಗೆ ಇಳಿಯುವ ಆಸೆ ಹುಟ್ಟಿತು. ಮುರ್ಡೇಶ್ವರದಿಂದ ಸುಮಾರು 19 ಕಿಲೋಮೀಟರ್ ದೂರದಲ್ಲಿ ನೇತ್ರಾಣಿ ದ್ವೀಪ. ಹರಕೆ ಹೊತ್ತ ಮೀನುಗಾರರು ಅಲ್ಲಿ ಬಿಟ್ಟ ಆಡುಗಳು ಕಾಡಾಡುಗಳಾಗಿ ಬೆಳೆದಿವೆ. ನೌಕಾಪಡೆ ಗುಂಡು ಹಾರಿಸುವ ಅಭ್ಯಾಸಕ್ಕೆ ಬಳಸುತ್ತಿದ್ದ ಬಂಡೆಯೂ ಅದೇ, ಬಿಳಿಹೊಟ್ಟೆಯ ಕಡಲ ಹದ್ದು ಗೂಡು ಕಟ್ಟುವುದೂ ಅಲ್ಲೇ. 2022ರಲ್ಲಿ ತೆರೆಕಂಡ ‘ಗಂಧದ ಗುಡಿ’ಯಲ್ಲಿ ಪುನೀತ್ ರಾಜ್‌ಕುಮಾರ್ ಅಲ್ಲಿನ ನೀರಿಗಿಳಿದದ್ದನ್ನು ನೋಡಿದ ಮೇಲೆ ನನ್ನ ಪರಿಚಿತರಲ್ಲಿ ಅನೇಕರು ಆ ಹೆಸರು ಕೇಳತೊಡಗಿದರು. ನಾನು ದ್ವೀಪಕ್ಕೆ ಕಾಲಿಡಲಿಲ್ಲ. ಬೋಟಿನ ಅಂಚಿನಿಂದ ನೇರ ನೀರಿಗೆ.

ಈಜುಕೊಳದ ಸ್ಕೂಬಾ ತರಬೇತಿಯಲ್ಲೇ ಒಂದು ಮಾತು ತಲೆಗೆ ಹತ್ತಿತ್ತು: ಉಸಿರು ಕಟ್ಟಿ ಹಿಡಿಯಬಾರದು. ಪ್ರತಿ ಹತ್ತು ಮೀಟರ್ ಆಳಕ್ಕೆ ವಾತಾವರಣದಷ್ಟೇ ಇನ್ನೊಂದು ಒತ್ತಡ ಮೈಮೇಲೆ ಕೂರುತ್ತದೆ. ಇಳಿಯುವಾಗ ಮೂಗು ಹಿಡಿದು ಮೆಲ್ಲಗೆ ಊದಿ ಕಿವಿಯ ಒತ್ತಡ ಸರಿಮಾಡಿಕೊಳ್ಳಬೇಕು. ಕಿವಿ ಬಿಡದಿದ್ದರೆ ಒಂದಿಷ್ಟು ಮೇಲೆ ಬಂದು ಕಾದು ಮತ್ತೆ ಇಳಿಯಬೇಕು. ಹೆಬ್ಬೆರಳು ಎತ್ತಿದರೆ ನೀರೊಳಗೆ ‘ಚೆನ್ನಾಗಿದೆ’ ಎಂದಲ್ಲ, ‘ಮೇಲೆ ಹೋಗೋಣ’ ಎಂದು. ಖುಷಿಯಲ್ಲಿ ಹೆಬ್ಬೆರಳು ಎತ್ತಿದ ಪ್ರವಾಸಿಗರನ್ನು ತರಬೇತುದಾರರು ಮೇಲಕ್ಕೆ ಕರೆತರುವುದನ್ನು ಕಂಡಿದ್ದೇನೆ.

ಕೈಯಲ್ಲಿ ದೇವಸ್ಥಾನದ ಕೆಂಪು ದಾರವಿತ್ತು. ಹತ್ತು ಮೀಟರ್ ಸಮೀಪಿಸುವಾಗ ನೋಡಿದರೆ ಅದು ಕಂದೂ ಅಲ್ಲದ, ಕಪ್ಪೂ ಅಲ್ಲದ ಬಣ್ಣಕ್ಕೆ ತಿರುಗಿತ್ತು. ಬೆಳಕಿನ ಕೆಂಪನ್ನು ನೀರು ಎಲ್ಲಕ್ಕಿಂತ ಮೊದಲು ಹೀರುತ್ತದೆ. ತರಬೇತುದಾರ ಟಾರ್ಚ್ ಹಿಡಿದಾಗ ದಾರ ಮತ್ತೆ ಕೆಂಪಾಗಿ ಹೊತ್ತಿಕೊಂಡಿತು. ಎಲ್ಲಿಂದಲೋ ಕಟಕಟ ಸದ್ದು. ಹವಳವನ್ನು ಕೊಕ್ಕಿನಂಥ ಹಲ್ಲಿನಿಂದ ಕೆರೆದು ತಿನ್ನುವ ಗಿಳಿಮೀನು. ನೀರಿನಲ್ಲಿ ಶಬ್ದ ಗಾಳಿಗಿಂತ ನಾಲ್ಕು ಪಟ್ಟಿಗೂ ಹೆಚ್ಚು ವೇಗವಾಗಿ ಓಡುವುದರಿಂದ ಅದು ಯಾವ ಕಡೆಯಿಂದ ಬಂತೆಂದು ಕಿವಿಗೆ ಗೊತ್ತಾಗುವುದಿಲ್ಲ. ಸುತ್ತ ಹುಡುಕಿದೆ, ಮೀನು ನನ್ನ ಕಾಲ ಕೆಳಗೇ ಇತ್ತು.

ಏರುವಾಗ ಐದು ಮೀಟರ್ ಆಳದಲ್ಲಿ ಮೂರು ನಿಮಿಷ ನಿಲ್ಲಿಸಿದರು. ಒತ್ತಡದಲ್ಲಿ ರಕ್ತಕ್ಕೆ, ಮಾಂಸಕ್ಕೆ ಸೇರಿದ ಸಾರಜನಕ ಉಸಿರಿನ ದಾರಿಯಲ್ಲಿ ನಿಧಾನಕ್ಕೆ ಹೊರಹೋಗಬೇಕು. ಆತುರದಲ್ಲಿ ಮೇಲೆ ಬಂದರೆ ಅದು ಮೈಯೊಳಗೇ ಗುಳ್ಳೆಯಾಗುತ್ತದೆ. ಕೀಲು ನೋವಿನಿಂದ ಪಾರ್ಶ್ವವಾಯುವಿನವರೆಗೆ ಏನೂ ಆಗಬಹುದು. ತಲೆಯ ಮೇಲೆ ಬೋಟಿನ ತಳ ಕಾಣುತ್ತಿದೆ, ಬಿಸಿಲು ಕಾಣುತ್ತಿದೆ, ಆದರೂ ಹಗ್ಗ ಹಿಡಿದು ನಿಂತಿದ್ದೇವೆ. ಅಳಿವೆಯ ಬಳಿ ಇಂಜಿನ್ ಇಳಿಸಿ ಕೂತ ಮಾವ ನೆನಪಾದರು. ಡೈವಿಂಗ್ ಮುಗಿಸಿ ಅವತ್ತೇ ವಿಮಾನ ಹತ್ತುವಂತಿಲ್ಲ ಎಂಬ ನಿಯಮಕ್ಕೂ ಕಾರಣ ಅದೇ ಸಾರಜನಕ. ಬೆಂಗಳೂರಿನಿಂದ ಬರುವ ನೆಂಟರು ಭಾನುವಾರ ಸಂಜೆಯ ವಿಮಾನಕ್ಕೆ ಟಿಕೆಟ್ ಮಾಡಿಸಿಟ್ಟು ನೇತ್ರಾಣಿಯ ವಿಷಯ ಕೇಳಿದರೆ, ಮೊದಲು ಟಿಕೆಟ್ ಬದಲಿಸಿ ಎನ್ನುತ್ತೇನೆ.

ಇನ್ನೊಂದು ಸಲ ಇಳಿದಾಗ ಕಂಡದ್ದನ್ನು ಹೇಳದಿದ್ದರೆ ಈ ಬರಹ ಪೂರ್ತಿಯಾಗದು. ಬಂಡೆಯ ಒಂದು ಮಗ್ಗುಲಿಗೆ ಹರಿದ ನೈಲಾನ್ ಬಲೆ ಸುತ್ತಿಕೊಂಡಿತ್ತು. ಯಾರೂ ಎಳೆಯದ ಆ ಬಲೆ ತಾನೇ ಮೀನು ಹಿಡಿಯುತ್ತಲೇ ಇತ್ತು. ಒಂದು ಏಡಿ ಜೀವಂತವಾಗಿ ಕಾಲು ಆಡಿಸುತ್ತಿತ್ತು, ಒಂದು ಚಿಟ್ಟೆಮೀನು ಸತ್ತಿತ್ತು. ಬಲೆಯ ಅಡಿಯಲ್ಲಿ ಸಿಕ್ಕ ಹವಳ ಬಿಳಚಿಕೊಂಡಿತ್ತು. ತರಬೇತುದಾರ ಚೂರಿ ತೆಗೆದು ಒಂದೊಂದೇ ಎಳೆ ಕತ್ತರಿಸಿದ. ಎಳೆದರೆ ಹವಳ ಮುರಿಯುತ್ತದೆ. ಸಿಲಿಂಡರಿನ ಗಾಳಿ ಮುಗಿಯುತ್ತ ಬಂದಾಗ ಬಿಡಿಸಿದ್ದು ಒಂದು ತುಂಡು ಮಾತ್ರ.

ಊರಿಗೆ ಬಂದು ಆ ತುಂಡನ್ನು ಮಾವನ ಜಗಲಿಯಲ್ಲಿಟ್ಟೆ. ಅವರಿಗೆ ಬೇಸರವಾಗಬಹುದು ಎಂಬ ಅಳುಕಿತ್ತು. ಬಲೆ ಕಳೆದುಕೊಂಡ ಬೋಟಿನವನ ನಷ್ಟ ಏನೆಂದು ನನಗೂ ಗೊತ್ತು. ಅವರು ಬಲೆಯ ಕಣ್ಣನ್ನು ಬೆರಳಿನಲ್ಲಿ ಅಳೆದರು, ಗಂಟು ತಿರುವಿ ನೋಡಿದರು, ದ್ವೀಪದ ಯಾವ ಮಗ್ಗುಲು, ಎಷ್ಟು ಆಳ ಎಂದು ಕೇಳಿದರು. “ಮೀನ್ ಪಾರಿನಿಂದ ಹೊರಗ್ ಬಪ್ಪ ತನಕ ಕಾಯುಕೆ ಆಗ್ದವ್ರ್ ಬುಡಕ್ಕೇ ಬಲೆ ಬಿಡ್ತ್ರ್” ಎಂದರು. ಪಾರು ಎಂದರೆ ನೀರೊಳಗಿನ ಬಂಡೆ. ಆಮೇಲೆ ಒಳಗಿನಿಂದ ಜಿಪಿಎಸ್ ಗುರುತುಗಳನ್ನು ಬರೆದಿಡುವ ಹಳೆಯ ಪುಸ್ತಕ ತಂದು ನಾನು ಹೇಳಿದ ಜಾಗವನ್ನು ಬರೆದುಕೊಂಡರು, ಕೆಳಗೆ ಎರಡು ಗೆರೆ ಎಳೆದರು. ಈ ಬಗೆಯ ಬಲೆ ಬಿಡುವ ಬೋಟುಗಳು ಯಾವುವು, ಅವುಗಳ ತಾಂಡೇಲರು ಯಾರು ಎಂಬುದು ಅವರಿಗೆ ಗೊತ್ತಿತ್ತು. ನಾಳೆ ದಕ್ಕೆಯಲ್ಲಿ ಸಿಗುತ್ತಾರೆ, “ನಾನೇ ಮಾತಾಡ್ತೆ” ಎಂದರು.